ಅಜ್ಜಿಯನ್ನೇ ಎತ್ತಿಕೊಂಡು ಹೋದ ಆಟ: ಇನ್‌ಫಾರ್ಮ್ 7 ಜೊತೆ ಒಂದೂವರೆ ವರ್ಷ

ಪ್ರೋಗ್ರಾಮಿಂಗ್ ಕಲಿಯಬೇಕು ಅಂತ ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟವನು ನಾನು. ಒಮ್ಮೆ ದುಡ್ಡು ಕಟ್ಟಿ ಆನ್‌ಲೈನ್ ಕೋರ್ಸ್ ಸೇರಿದ್ದೆ. ಎರಡನೇ ವಾರಕ್ಕೇ ಪ್ರೈಮ್ ನಂಬರ್ ಹುಡುಕಿ ಅಂದರು. ಇಡೀ ದಿನ ಅಡಿಕೆ ಮಂಡಿಯ ಲೆಕ್ಕ ಬರೆದು ಬಂದವನಿಗೆ ರಾತ್ರಿ ಮತ್ತೆ ನಂಬರ್ ಯಾಕೆ ಬೇಕು ಹೇಳಿ?

ಇನ್‌ಫಾರ್ಮ್ 7 ಅನ್ನೋದು ಆಟ ಬರೆಯೋ ಒಂದು ಪ್ರೋಗ್ರಾಮಿಂಗ್ ಸಾಫ್ಟ್‌ವೇರ್, ಪೂರ್ತಿ ಪುಕ್ಕಟೆ. ನಾನು ಹಾಕಿಕೊಂಡಿದ್ದಕ್ಕೆ ಮೊದಲ ಕಾರಣ ಅದೇ. ಇದರಲ್ಲಿ ಮಾಡೋದು ಅಕ್ಷರದ ಆಟ. ಚಿತ್ರ ಇಲ್ಲ, ಗುಂಡು ಹಾರಿಸೋದಿಲ್ಲ. ನೀವು ಎಲ್ಲಿದ್ದೀರಿ ಅಂತ ಕಂಪ್ಯೂಟರ್ ಹೇಳುತ್ತೆ, ಏನು ಮಾಡಬೇಕು ಅಂತ ನೀವು ಟೈಪ್ ಮಾಡ್ತೀರಿ. ಈ ಬಗೆಯ ಆಟಗಳ ಮೂಲ 1976ರ 'ಅಡ್ವೆಂಚರ್'. ಅದನ್ನು ಬರೆದ ವಿಲ್ ಕ್ರೌಥರ್‌ಗೆ ಗುಹೆ ಹೊಕ್ಕುವ ಹುಚ್ಚು. ಅಮೆರಿಕದ ಕೆಂಟಕಿಯಲ್ಲಿ ತಾನೇ ಓಡಾಡಿದ್ದ ಗುಹೆಯನ್ನು ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಳಿಸಿದ್ದ. ಅವನು ಕಂಡ ಗುಹೆ ಬರೆದ, ನಾನು ಕಂಡ ಮನೆ ಬರೆಯೋಣ ಅಂತ ಅಜ್ಜಿಮನೆ ಹಿಡಿದೆ.

ಕೋಡ್ ಅನ್ನೋದು ಇಲ್ಲಿ ಇಂಗ್ಲಿಷ್ ವಾಕ್ಯವೇ. 'ದ ಕಿಚನ್ ಈಸ್ ಎ ರೂಮ್' ಅಂತ ಬರೆದು ಚುಕ್ಕಿ ಇಟ್ಟರೆ ಅಡುಗೆಮನೆ ರೆಡಿ. 'ನಡುಮನೆ ಈಸ್ ಈಸ್ಟ್ ಆಫ್ ಜಗಲಿ' ಅಂದರೆ ಜಗಲಿಯಿಂದ ಪೂರ್ವಕ್ಕೆ ಹೋದಾಗ ನಡುಮನೆ. ವಾಪಸ್ ಬರುವ ದಾರಿಯನ್ನು ಅದೇ ಮಾಡಿಕೊಳ್ಳುತ್ತೆ. ಇಂಡೆಕ್ಸ್ ಅನ್ನೋ ಪುಟ ತೆರೆದರೆ ಬಣ್ಣಬಣ್ಣದ ಚೌಕಗಳಲ್ಲಿ ಜಗಲಿ, ನಡುಮನೆ, ಬಚ್ಚಲು, ಕೊಟ್ಟಿಗೆ ಎಲ್ಲ ನಕ್ಷೆಯಾಗಿ ನಿಂತಿವೆ. ಆ ಮನೆ ಈಗ ಇಲ್ಲ. ಪಾಲಾದ ಮೇಲೆ ಕೆಡವಿದರು. ನಾನು ಆ ನಕ್ಷೆ ನೋಡುತ್ತಾ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಬೆಳಿಗ್ಗೆ ಐದೂವರೆಗೆ ಎದ್ದು ಫಿಲ್ಟರ್‌ಗೆ ಬಿಸಿನೀರು ಹಾಕಿ ಲ್ಯಾಪ್‌ಟಾಪ್ ತೆರೆಯೋದು ರೂಢಿಯಾಯಿತು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಂದೋ ಎರಡೋ ವಾಕ್ಯ, ಜಾಸ್ತಿ ಇಲ್ಲ. ಆಮೇಲೆ ಆಟ ಓಡಿಸುವ 'ಗೋ' ಬಟನ್ ಒತ್ತಿ, 'ಟೆಸ್ಟ್ ಮಿ' ಅಂತ ಟೈಪ್ ಮಾಡೋದು. ಮೊದಲೇ ಬರೆದಿಟ್ಟ ಆಜ್ಞೆಗಳೆಲ್ಲ ಒಂದಾದ ಮೇಲೊಂದು ಓಡುತ್ತವೆ. ಜಗಲಿ ಹತ್ತಿ, ನಡುಮನೆ ದಾಟಿ, ಅಟ್ಟ ಏರಿ ಬರುವ ಹೊತ್ತಿಗೆ ಕಾಫಿ ರೆಡಿ.

ಮೊದಲ ಸಲ ಆಡಲು ಕೊಟ್ಟಿದ್ದು ಏಳನೇ ಕ್ಲಾಸಿನ ಅಕ್ಕನ ಮಗನಿಗೆ. ಹತ್ತು ನಿಮಿಷಕ್ಕೇ ಕೂಗಿದ: "ಮಾಮಾ, ಅಜ್ಜಿನ ಎತ್ಕೊಂಡೆ!" ನೋಡಿದರೆ ಹೌದು. 'ಟೇಕ್ ಅಜ್ಜಿ' ಅಂದಿದ್ದಾನೆ, ಆಟ 'ಟೇಕನ್' ಅಂದಿದೆ. ಅವನ ಕೈಯಲ್ಲಿರುವ ಸಾಮಾನಿನ ಪಟ್ಟಿಯಲ್ಲಿ ಟಾರ್ಚು, ಒರಳುಕಲ್ಲು, ಅಜ್ಜಿ. ಮೂರನ್ನೂ ಅಟ್ಟಕ್ಕೆ ಹೊತ್ತಿದ್ದಾನೆ. ನಾನು 'ಅಜ್ಜಿ ಈಸ್ ಇನ್ ದ ಕಿಚನ್' ಅಂತ ಮಾತ್ರ ಬರೆದಿದ್ದೆ. ಬೇರೆ ಏನೂ ಹೇಳದಿದ್ದರೆ ಇನ್‌ಫಾರ್ಮ್‌ಗೆ ಎಲ್ಲವೂ ಎತ್ತಬಹುದಾದ ವಸ್ತುವೇ. ಒರಳಿಗೆ 'ಫಿಕ್ಸ್ಡ್ ಇನ್ ಪ್ಲೇಸ್' ಅಂತ ಸೇರಿಸಿದೆ. 'ಅಜ್ಜಿ ಈಸ್ ಎ ವುಮನ್' ಅಂತ ಇನ್ನೊಂದು ಸಾಲು ಹಾಕಿದೆ. ಮತ್ತೆ ಎತ್ತಲು ಹೋದರೆ ಆಟ 'ಅಜ್ಜಿಗೆ ಅದು ಹಿಡಿಸಲಿಕ್ಕಿಲ್ಲ' ಎಂಬ ಅರ್ಥದ ಉತ್ತರ ಕೊಟ್ಟಿತು. ಅದನ್ನು ನಾನು ಬರೆದಿರಲಿಲ್ಲ, ಅದರೊಳಗೇ ಇತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಇಷ್ಟು ಖುಷಿ. ಮೂರನೇ ತಿಂಗಳಿಗೆ ಸಿಟ್ಟು ಶುರುವಾಯಿತು. ತೊಲೆಯಿಂದ ಲಾಟೀನು ನೇತಾಡ್ತಿದೆ ಅನ್ನೋದನ್ನು ನೇರ ಇಂಗ್ಲಿಷ್‌ನಲ್ಲಿ ಬರೆದೆ. 'ಎರಡು ವಸ್ತು ಒಂದೇ ಅಂತ ಹೇಳ್ತಿದ್ದೀರಿ' ಎಂಬಂಥ ಎರರ್ ಬಂತು. ನಾನೆಲ್ಲಿ ಹಾಗೆ ಹೇಳಿದೆ? ವಾಕ್ಯ ತಿರುಗಿಸಿ ಮುರುಗಿಸಿ ನೋಡಿದೆ. ಇನ್‌ಫಾರ್ಮ್‌ಗೆ ಗೊತ್ತಿರೋದು ಇಂಗ್ಲಿಷ್ ಅಲ್ಲ, ಇಂಗ್ಲಿಷಿನ ವೇಷ ಹಾಕಿದ ತನ್ನದೇ ಭಾಷೆ. ಒಳಗೆ, ಮೇಲೆ, ಪೂರ್ವಕ್ಕೆ ಅಂದರೆ ಗೊತ್ತಾಗುತ್ತೆ. ನೇತಾಡೋದು ಏನು ಅಂತ ನಾವೇ ಕಲಿಸಬೇಕು.

ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಇದು ಚುಚ್ಚುತ್ತೆ. ಬ್ರಾಕೆಟ್, ಸೆಮಿಕೋಲನ್ ತುಂಬಿದ ಭಾಷೆಯಲ್ಲಿ ಎರರ್ ಬಂದರೆ ಪ್ರೋಗ್ರಾಮಿಂಗ್ ಬರಲ್ಲ ಅಂದುಕೊಳ್ತೀವಿ. ಇಲ್ಲಿ ಎರರ್ ಬಂದರೆ ನನಗೆ ಇಂಗ್ಲಿಷೇ ಬರಲ್ಲ ಅನ್ನಿಸಿಬಿಡುತ್ತೆ. ಎರಡು ವಾರ ನಾನು ವ್ಯಾಕರಣದ ಪುಸ್ತಕ ತಿರುವಿ ಹಾಕಿದ್ದೇನೆ ಅಂದರೆ ನಂಬಿ. ತಪ್ಪು ನನ್ನ ಇಂಗ್ಲಿಷಿನದಾಗಿರಲಿಲ್ಲ.

ಬಿಡದೇ ಇದ್ದದ್ದು ಕೈಪಿಡಿಯಿಂದಾಗಿ. ಆ್ಯಪ್ ಒಳಗೇ ಎರಡು ಪುಸ್ತಕ ಇವೆ. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಅಡುಗೆ ಪುಸ್ತಕದ ಹಾಗೆ 'ಹೀಗೆ ಬೇಕಾದರೆ ಹೀಗೆ ಮಾಡಿ'. ಉದಾಹರಣೆಯ ಪಕ್ಕದ ಚಿಹ್ನೆ ಒತ್ತಿದರೆ ಕೋಡ್ ಎಡಗಡೆಗೆ ಬಂದು ಕೂರುತ್ತೆ. ನಾನು ವಾಕ್ಯ ಊಹಿಸೋದು ನಿಲ್ಲಿಸಿ ಅವರ ವಾಕ್ಯವನ್ನೇ ನಕಲು ಹೊಡೆಯಲು ಶುರು ಮಾಡಿದ ಮೇಲೆ ಬೈಗುಳ ಕಮ್ಮಿಯಾಯಿತು.

ಇದರಿಂದ ನಿಜವಾದ ಪ್ರೋಗ್ರಾಮಿಂಗ್ ಬರುತ್ತಾ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ಅರ್ಧ ಬರುತ್ತೆ. 'ಹಂಡೆ ಈಸ್ ಎ ಕೈಂಡ್ ಆಫ್ ಕಂಟೇನರ್' ಅಂತ ಬರೆದು ಬರೆದು ಕ್ಲಾಸ್ (ಒಂದು ಬಗೆಯ ವಸ್ತುಗಳಿಗೆಲ್ಲ ಒಂದೇ ಅಚ್ಚು), ಇನ್ಹೆರಿಟೆನ್ಸ್ (ಒಂದು ಅಚ್ಚಿನ ಗುಣ ಇನ್ನೊಂದಕ್ಕೆ ಬರೋದು) ಅನ್ನೋದು ಹೆಸರು ಗೊತ್ತಾಗುವ ಮೊದಲೇ ತಲೆಗೆ ಹತ್ತಿತ್ತು. 'ಹೀಗಿದ್ದರೆ ಹಾಗೆ ಮಾಡು' ಅನ್ನೋ ಇಫ್, ಸಾಲನ್ನು ಒಳಸರಿಸಿ ಬರೆಯೋದು, ಇದೂ ರೂಢಿಯಾಯಿತು. ಆದರೆ ಆಡುವವರು ಟೈಪ್ ಮಾಡಿದ್ದನ್ನು ಒಡೆದು ಓದೋದು, ಮತ್ತೆ ಮತ್ತೆ ಆಜ್ಞೆ ಕೇಳುವ ಆಟದ ಲೂಪ್ ತಿರುಗಿಸೋದು ಎಲ್ಲ ಪರದೆಯ ಹಿಂದೆ ಇನ್‌ಫಾರ್ಮೇ ಮಾಡಿಬಿಡುತ್ತೆ. ಕೆಲಸಕ್ಕೆ ಅಂತ ಅವಸರದಲ್ಲಿ ಕಲಿಯುವವರು ಸೀದಾ ಪೈಥಾನ್ ಭಾಷೆ ಹಿಡಿಯೋದು ವಾಸಿ. ನನ್ನ ಹಾಗೆ ಅವಸರ ಇಲ್ಲದವರು, ಮೊದಲೇ ಮೂರು ಸಲ ಸೋತವರು ಇಲ್ಲಿಂದ ಶುರು ಮಾಡಬಹುದು.

ಈಗ ಅದೇ ಮನೆಯನ್ನು ಪೈಥಾನ್‌ನಲ್ಲಿ ಮತ್ತೆ ಕಟ್ಟುತ್ತಿದ್ದೇನೆ. ದಾರಿಗಳನ್ನೆಲ್ಲ ಡಿಕ್ಷನರಿಯಲ್ಲಿ, ಅಂದರೆ ಯಾವ ದಿಕ್ಕಿಗೆ ಯಾವ ಕೋಣೆ ಅನ್ನೋ ಪಟ್ಟಿಯಲ್ಲಿ, ನಾನೇ ಬರೆಯಬೇಕು, ಹೋಗುವುದಕ್ಕೊಂದು, ಬರುವುದಕ್ಕೊಂದು. ಕಳೆದ ಭಾನುವಾರ ಅಕ್ಕನ ಮಗ ಅಟ್ಟ ಹತ್ತಿದ, ಇಳಿಯೋದು ಬರೆಯೋಕೆ ಮರೆತಿದ್ದೆ. ಅಜ್ಜಿಯನ್ನೂ ಎತ್ತಿಕೊಂಡೇ ಹತ್ತಿದ್ದ.