ಬೆಂಕಿ ಆರಿದ್ಮೇಲೆ ಕ್ಲೀನಿಂಗ್‌ಗೆ ಕರೆಸಿದ್ವಿ: ಹುಡುಗರಿಗೆ ಐದು ಸ್ಟಾರ್, ಆಫೀಸಿಗೆ ಎರಡು

ಚಕ್ಕುಲಿ ಕರಿಯೋ ಬಾಣಲೆ ಎಣ್ಣೆ ಹತ್ಕೊಂಡು ಚಿಮಣಿ, ಅದರ ಪಕ್ಕದ ಕಪಾಟು ಸುಟ್ಟೋಯ್ತು, ಯಾರಿಗೂ ಏನೂ ಆಗ್ಲಿಲ್ಲ, ಅಷ್ಟೇ ಪುಣ್ಯ. ಪಕ್ಕದ ಮನೆಯವ್ರು ಅಪಾರ್ಟ್‌ಮೆಂಟ್ ಎಕ್ಸ್‌ಟಿಂಗ್ವಿಷರ್ ತಂದು ಹೊಡೆದ್ರು, ಬೆಂಕಿ ಆರ್ತು, ಆದ್ರೆ ಪೌಡರ್ ಹಾಲಿನ ಸೋಫಾ ತನಕ ಹಾರಿ ಕೂತಿತ್ತು.

ಕ್ಲೀನಿಂಗ್ ಕಂಪನಿ ಹುಡುಗರು ಬಂದಾಗ ನಮ್ಮತ್ತೆ ಆಗ್ಲೇ ಒದ್ದೆ ಬಟ್ಟೆ ಹಿಡ್ಕೊಂಡು ನಿಂತಿದ್ರು. "ಅಮ್ಮಾ, ನೀರು ಬೇಡ, ಸ್ಟೀಲೆಲ್ಲಾ ತಿಂದ್ಬಿಡತ್ತೆ" ಅಂತ ಒಬ್ಬ ತಡೆದ. ಸರಿಯಾಗೇ ಹೇಳ್ದ ಕಣ್ರೀ, ಎಕ್ಸ್‌ಟಿಂಗ್ವಿಷರಿನ ಎಬಿಸಿ ಪೌಡರಲ್ಲಿರೋದು ಅಮೋನಿಯಂ ಫಾಸ್ಫೇಟ್, ಒಣಗಿದ್ದಾಗ ಸುಮ್ನಿರತ್ತೆ, ತೇವ ಆದ್ರೆ ಆಸಿಡ್ ತರ ಲೋಹ ಕೊರಿಯತ್ತೆ. ಮೊದ್ಲು ವ್ಯಾಕ್ಯೂಮ್, ಆಮೇಲೆ ಬ್ರಷ್, ಕೊನೆಗೇ ಒದ್ದೆ ಬಟ್ಟೆ. ಗೋಡೆ ಮಸಿಗೂ ಹಂಗೇ, ಎಣ್ಣೆ ಮಸಿ ಅಲ್ವಾ, ಒರೆಸಿದ್ರೆ ಇನ್ನೂ ಹರಡ್ಕೊಳತ್ತೆ, ಅದಕ್ಕೆ ಒಣ ಸ್ಪಾಂಜಲ್ಲಿ ಮೇಲಿನ ಒಣ ಮಸಿ ಎತ್ತಿ, ಆಮೇಲೆ ಅಂಟಿದ್ದ ಜಿಡ್ಡಿಗೆ ಡಿಗ್ರೀಸರ್ (ಜಿಡ್ಡು ತೆಗೆಯೋ ದ್ರಾವಣ) ಹಾಕಿದ್ರು. ಫ್ರಿಜ್, ಮಿಕ್ಸಿ ಎಲೆಕ್ಟ್ರಿಷಿಯನ್ ನೋಡೋ ತನಕ ಪ್ಲಗ್ ಹಾಕ್ಬೇಡಿ ಅಂತ್ಲೂ ಅವ್ರೇ ಹೇಳಿದ್ದು. ತೆರೆದಿದ್ದ ಅಕ್ಕಿ ಬೇಳೆ ಎಲ್ಲಾ ಬಿಸಾಕಿಸಿದ್ರು, ಅತ್ತೆಗೆ ಅದೊಂದೇ ಬೇಜಾರು.

ಇನ್ನು ಆ ಕಂಪನಿ ಆಫೀಸು. ವಾಟ್ಸಾಪಲ್ಲಿ ಇಡೀ ಕಿಚನ್ ಅಂತ ರೇಟ್ ಹೇಳಿ, ಕೆಲಸ ಅರ್ಧ ಆದ್ಮೇಲೆ ಸೀಲಿಂಗ್ ಎಕ್ಸ್‌ಟ್ರಾ ಅಂದ್ರು. ವಾಸನೆ ಪೂರ್ತಿ ಹೋಗತ್ತೆ ಅಂದಿದ್ರು, ಆದ್ರೆ ಹೊಡೆದಿದ್ದು ಸೆಂಟ್ ಸ್ಪ್ರೇ, ಮಳೆ ಬಂದ ದಿನ ಪ್ಲೈವುಡ್ ಕಪಾಟಿಂದ ಸುಟ್ಟ ವಾಸನೆ ಮತ್ತೆ ಶುರು. ಪೇಂಟಿಂಗೂ ಮಾಡ್ಕೊಡ್ತೀವಿ, ಒಂದು ಕೋಟ್ ಬಿಳಿ ಸಾಕು ಅಂದ್ರು, ಅದನ್ನ ದಯವಿಟ್ಟು ನಂಬ್ಬೇಡಿ, ಮಸಿ ತಡೆಯೋ ಪ್ರೈಮರ್ ಹಾಕದೆ ಬಳಿದ್ರೆ ಹಳದಿ ಕಲೆ ಮೇಲಕ್ಕೆ ಬಂದೇ ಬರತ್ತೆ.

ಇನ್ಷೂರೆನ್ಸ್ ಇರೋರು ಇದೊಂದು ಗಮನಿಸಿ. ಬುಕ್ ಮಾಡುವಾಗ ಸರ್ವೇಯರ್ (ನಷ್ಟ ನೋಡಕ್ಕೆ ಇನ್ಷೂರೆನ್ಸ್ ಕಡೆಯಿಂದ ಬರೋರು) ಬಂದ್ರಾ, ಫೋಟೋ ತೆಗೆದ್ರಾ ಅಂತ ಇವ್ರು ಕೇಳೋದೇ ಇಲ್ಲ, ಕ್ಲೀನ್ ಮಾಡಿದ್ಮೇಲೆ ಸರ್ವೇಯರಿಗೆ ತೋರ್ಸಕ್ಕೆ ಏನಿರತ್ತೆ? ನಮ್ದು ಭಾರತ್ ಗೃಹ ರಕ್ಷಾ ಅನ್ನೋ ಮನೆ ಇನ್ಷೂರೆನ್ಸ್ ಪಾಲಿಸಿ, ಸರ್ವೇ ಮುಗಿಸ್ಕೊಂಡೇ ಇವ್ರನ್ನ ಒಳಗೆ ಬಿಟ್ವಿ. ಗ್ಯಾಸ್ ಏಜೆನ್ಸಿಯಿಂದ ದುಡ್ಡು ಬರತ್ತೆ ಅಂತ ಸುಮಾರು ಜನ ಅಂದ್ರು, ಆದ್ರೆ ಆ ಇನ್ಷೂರೆನ್ಸ್ ಇರೋದು ಗ್ಯಾಸಿಂದಾನೇ ಆದ ಅಪಘಾತಕ್ಕೆ, ಎಣ್ಣೆ ಹತ್ಕೊಂಡ್ರೆ ಅಲ್ಲ.

ಕರೆಸೋದಾದ್ರೆ ಸೀಲಿಂಗ್, ಕಪಾಟಿನ ಒಳಗೆ ಎರಡೂ ಸೇರಿ ರೇಟ್ ಬರೆಸ್ಕೊಳ್ಳಿ. ಬಿಲ್ಲಲ್ಲಿ ಬರೀ "ಡೀಪ್ ಕ್ಲೀನಿಂಗ್" ಅಂತ ಹಾಕ್ತಾರೆ, ಕ್ಲೇಮಿಗೆ ಬೇಕು, ಬೆಂಕಿ ಆದ್ಮೇಲಿನ ಕ್ಲೀನಿಂಗ್ ಅಂತ ಹಾಕ್ಸಿ. ನಮ್ಮ ಬಿಲ್ ತಿದ್ದಿ ಕಳಿಸ್ತೀವಿ ಅಂದಿದಾರೆ, ಇನ್ನೂ ಬಂದಿಲ್ಲ.