ಸಿಡಿ4 ಆಂಟಿಬಾಡಿ (ಆರ್‌ಪಿಎ-ಟಿ4 ಕ್ಲೋನ್, ಪಿಇ): ಮಾಲು ಚೆನ್ನಾಗೈತೆ, ದಾವಣಗೆರೆಗೆ ತರಿಸೋದೇ ತಲೆನೋವು

ಆಂಟಿಬಾಡಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್, ತಂದುಕೊಟ್ಟ ಡೀಲರ್‌ಗೆ ಒಂದು ಕೊಟ್ರೂ ಜಾಸ್ತಿನೇ. ಎರಡನ್ನೂ ಬೇರೆ ಬೇರೆ ಇಟ್ಟು ಹೇಳ್ತೀನಿ, ಯಾಕಂದ್ರೆ ಡೆಲಿವರಿ ಹಾಳಾಗಿದ್ದಕ್ಕೆ ಕ್ಲೋನ್‌ನ (ಅಂದ್ರೆ ಆಂಟಿಬಾಡಿಯ ತಳಿನ) ಬೈಯೋರು ಬಹಳ ಮಂದಿ ಇದ್ದಾರೆ.

ತಗೊಂಡಿದ್ದು ಮನುಷ್ಯರ ಸಿಡಿ4 ರಿಸೆಪ್ಟರ್‌ಗೆ (ಕೆಲವು ಬಿಳಿ ರಕ್ತಕಣಗಳ ಮೇಲಿರೋ ಪ್ರೋಟೀನ್) ಅಂಟೋ ಇಲಿ ಮಾನೋಕ್ಲೋನಲ್ ಆಂಟಿಬಾಡಿ, ಪಿಇ ಅನ್ನೋ ಹೊಳೆಯೋ ಬಣ್ಣ ಕೂಡಿಸಿದ್ದು, 100 ಟೆಸ್ಟಿನ ವಯಲ್, ಫ್ಲೋ ಸೈಟೋಮೆಟ್ರಿಗೆ, ಅಂದ್ರೆ ಕೋಶಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯೋದಕ್ಕೆ. ಇದೇ ಕ್ಲೋನನ್ನ ಸುಮಾರು ಕಂಪನಿಗಳು ಮಾರ್ತಾವೆ. ನಮ್ಮ ಕಡೆ ರೈತರು ಮೆಕ್ಕೆಜೋಳದ ಬೀಜಕ್ಕೆ ಹೋದ್ರೆ ಅಂಗಡಿ ಬೋರ್ಡ್ ನೋಡಲ್ಲ, ತಳಿ ಯಾವ್ದು ಅಂತ ಕೇಳ್ತಾರಲ್ಲ, ಇಲ್ಲೂ ಹಂಗೇ ಮೊದ್ಲು ಕ್ಲೋನ್ ಹೆಸ್ರು ನೋಡ್ರಿ. 1975ರಲ್ಲಿ ಕೋಲರ್, ಮಿಲ್‌ಸ್ಟೈನ್ ಹೈಬ್ರಿಡೋಮಾ (ಆಂಟಿಬಾಡಿ ಮಾಡೋ ಬಿ ಕೋಶನ ಕ್ಯಾನ್ಸರ್ ಕೋಶದ ಜೊತೆ ಬೆಸೆದಿದ್ದು) ಮಾಡಿದ್ದರ ಲಾಭನೇ ಅದು, ಎಲ್ಲಾ ಒಂದೇ ಬಿ ಕೋಶದ ಸಂತಾನ, ಯಾರು ಬೆಳೆಸಿದ್ರೂ ಹೋಗಿ ಅಂಟೋದು ಅದೇ ಜಾಗಕ್ಕೆ.

ಸೀನಿಯರ್ ಒಬ್ರು ಓಕೆಟಿ4 ಅನ್ನೋ ಇನ್ನೊಂದು ಸಿಡಿ4 ಕ್ಲೋನ್ ತಗೋ ಅಂದಿದ್ರು. ಬೇಡ ಅಂದೆ. ಅದು ಸಿಡಿ4ನ ಮೂರನೇ ಡೊಮೈನ್‌ಗೆ (ಪ್ರೋಟೀನಿನ ಒಂದು ಭಾಗಕ್ಕೆ) ಅಂಟುತ್ತೆ, ಕೆಲವು ಜನಕ್ಕೆ ಹುಟ್ಟಿನಿಂದ್ಲೇ ಆ ಜಾಗ ಸ್ವಲ್ಪ ಬೇರೆ ಇರುತ್ತೆ, ಅಂಥೋರ ರಕ್ತ ಬಂದ್ರೆ ಸಿಡಿ4 ಕೋಶ ನೆಟ್ಟಗಿದ್ರೂ ಪ್ಲಾಟ್ ಖಾಲಿ. ಆರ್‌ಪಿಎ-ಟಿ4 ಮೊದಲನೇ ಡೊಮೈನ್‌ಗೆ ಹೋಗುತ್ತೆ, ಎಚ್‌ಐವಿಯ ಹೊರಮೈ ಪ್ರೋಟೀನ್ ಜಿಪಿ120 ಬಂದು ಕೂರೋದೂ ಅಲ್ಲೇ, ಹಂಗಾಗಿ ವೈರಸ್ ಬೈಂಡಿಂಗ್ ಮೇಲೆ ಕೆಲ್ಸ ಮಾಡೋರಿಗೆ ಇದು ಅಡ್ಡ ಬರುತ್ತೆ, ಅವ್ರಿಗೆ ಓಕೆಟಿ4ನೇ ಸರಿ.

ಇನ್ನು ರಿಸಲ್ಟ್. ಇಡಿಟಿಎ (ಹೆಪ್ಪುಗಟ್ಟದಂಗೆ ತಡೆಯೋದು) ಹಾಕಿದ ರಕ್ತ, ಕೆಂಪು ಕಣ ಒಡೆದು ಓಡಿಸಿದ್ವಿ. ಲಿಂಫೋಸೈಟ್ ಗೇಟಲ್ಲಿ (ಲಿಂಫೋಸೈಟ್ ಅನ್ನೋ ಬಿಳಿಕಣ ಮಾತ್ರ ಆರಿಸಿ ನೋಡಿದಾಗ) ಪಾಸಿಟಿವ್ ಒಂದು ಕಡೆ ನೆಗೆಟಿವ್ ಒಂದು ಕಡೆ, ಮಧ್ಯದಲ್ಲಿ ಕತ್ತರಿಸಿದಂಗೆ ಖಾಲಿ. ಗೇಟ್ ತೆಗೆದ್ರೆ ನಡುವೆ ಮಂಕಾಗಿ ಒಂದು ಗುಂಪು ಕಾಣುತ್ತೆ, ಹೊಸಬ್ರು ಅದನ್ನ ನೋಡಿ ಆಂಟಿಬಾಡಿ ಸರಿ ಇಲ್ಲ ಅಂತಾರೆ, ಅವು ಮಾನೋಸೈಟ್ ಅನ್ನೋ ಇನ್ನೊಂದು ಥರ ಬಿಳಿಕಣ ರೀ, ಅವಕ್ಕೂ ಸ್ವಲ್ಪ ಸಿಡಿ4 ಇರುತ್ತೆ. ಆಂಟಿಬಾಡಿ ಬಾಲ ಸುಮ್ನೆ ಅಂಟೋದನ್ನ ತಡೆಯೋ ಎಫ್‌ಸಿ ಬ್ಲಾಕ್ ಹಾಕಿದ್ಮೇಲೂ ಆ ಗುಂಪು ಅಲ್ಲೇ ಇತ್ತು ಅಂದ್ರೆ ಅನುಮಾನ ಬೇಡ.

ದುಡ್ಡಿನ ವಿಷಯ ಇಲ್ಲೈತೆ: ಕಂಪನಿಯ ಮಾಹಿತಿ ಶೀಟಲ್ಲಿ ಟೆಸ್ಟಿಗೆ 5 ಮೈಕ್ರೋಲೀಟರ್ ಅಂತ ಬರ್ದಿರ್ತಾರೆ. 5, 2.5, 1.25 ಹಾಕಿ ಅಕ್ಕಪಕ್ಕ ಓಡಿಸಿದ್ರೆ 2.5ರಲ್ಲಿ ಪಾಸಿಟಿವ್ ಪೀಕ್ ಅಲ್ಲಾಡಲೇ ಇಲ್ಲ, ನೆಗೆಟಿವ್ ಇನ್ನೂ ಕೆಳಗಿಳೀತು, 1.25ಕ್ಕೆ ಮಾತ್ರ ಪೀಕ್ ಎಡಕ್ಕೆ ಜಾರಿತು. ಅಂದ್ರೆ 100 ಟೆಸ್ಟ್ ನಮ್ಗೆ 200 ಆಯ್ತು. ಆದ್ರೆ ನಮ್ಮ ಲಾಟ್ ನಂಬರಿನ ಲೆಕ್ಕ ನಿಮ್ಗೆ ಬರಲ್ಲ, ನಿಮ್ಮ ವಯಲ್‌ಗೆ ನೀವೇ ಮಾಡ್ಕೊಳ್ರಿ. ಅರ್ಧ ಸ್ಟಾರ್ ಕಟ್ ಮಾಡಿದ್ದು ವಯಲ್ ಮೇಲೆ ಸಾಂದ್ರತೆ ಹಾಕಿಲ್ಲ ಅಂತ, ಬರೀ 'ಟೆಸ್ಟ್' ಲೆಕ್ಕ.

ಡೀಲರ್ ಕಥೆ ಕೇಳ್ರಿ. ಸೋಮವಾರ ಕಳ್ಸಿ ಅಂತ ಆರ್ಡರಲ್ಲೇ ಬರ್ದಿದ್ವಿ, ಪುಣ್ಯಾತ್ಮರು ಬೆಂಗಳೂರಿಂದ ಶುಕ್ರವಾರ ಸಂಜೆ ಬಿಟ್ಟಿದ್ದಾರೆ, ಡಬ್ಬ ಭಾನುವಾರ ಪೂರ್ತಿ ಕೊರಿಯರ್ ಗೋಡೌನಲ್ಲಿ ಕೂತಿದೆ, ಅದೂ ಏಪ್ರಿಲ್ ತಿಂಗಳ ದಾವಣಗೆರೆ ಬಿಸ್ಲಲ್ಲಿ. ತೆಗೆದು ನೋಡಿದ್ರೆ ಜೆಲ್ ಪ್ಯಾಕ್ ನೀರಾಗಿ ಬೆಚ್ಚಗಿತ್ತು, ಥರ್ಮೋಕೋಲ್ ಮೇಲೆ 'ಕೋಲ್ಡ್ ಚೈನ್' ಸ್ಟಿಕರ್ ಮಾತ್ರ ಗಟ್ಟಿಯಾಗಿತ್ತು. ಫೋನ್ ಮಾಡಿದ್ರೆ "ಏನೂ ಆಗಲ್ಲ ಸರ್, ರಿಟರ್ನ್ ಇಲ್ಲ." ಆಗಲಿಲ್ಲ ನಿಜ, ಹಳೇ ವಯಲ್ ಜೊತೆ ಹೋಲಿಸಿದ್ವಿ, ಹೊಳಪು ಅಷ್ಟೇ ಇತ್ತು, ಆದ್ರೆ ಅದು ಆಂಟಿಬಾಡಿ ಗಟ್ಟಿತನ, ಇವ್ರ ಸರ್ವಿಸ್ ಅಲ್ಲ. ಈಗ ಟ್ರ್ಯಾಕಿಂಗ್ ನೋಡ್ಕೊಂಡು ಗೋಡೌನಿಗೇ ಹೋಗಿ ಐಸ್ ಬಾಕ್ಸಲ್ಲಿ ಇಟ್ಕೊಂಡು ಬರ್ತೀವಿ.

ಬೆಚ್ಚಗಾಯ್ತು ಅಂತ ಹೆದರಿ ಫ್ರೀಜರ್‌ಗೆ ಮಾತ್ರ ಹಾಕಬೇಡ್ರಿ, ಪಿಇ ಅಲ್ಲೇ ಸತ್ತೋಗುತ್ತೆ, 2ರಿಂದ 8 ಡಿಗ್ರಿ, ಕತ್ತಲೆ, ಅಷ್ಟೇ. ಇದ್ರಲ್ಲಿ ಕೆಡದಂಗೆ ಸೋಡಿಯಂ ಅಜೈಡ್ ಇರುತ್ತೆ, ಅದು ಕೋಶಕ್ಕೆ ವಿಷ, ಜೀವಂತ ಕೋಶ ಕಲ್ಚರ್ ಮಾಡಿ ಬ್ಲಾಕಿಂಗ್ ನೋಡೋರು ಅಜೈಡ್ ಇಲ್ಲದ್ದು ಕೇಳಿ ತಗೊಳ್ರಿ. ವಿದ್ಯಾನಗರದ ಡಯಾಗ್ನೋಸ್ಟಿಕ್ ಲ್ಯಾಬಿನ ಫ್ರೆಂಡ್ ಒಬ್ಬ ಪೇಷಂಟ್ ಸಿಡಿ4 ಕೌಂಟಿಗೆ ಇದನ್ನೇ ಹಾಕಬಹುದಾ ಅಂತ ಕೇಳ್ದ. ಆಗಲ್ಲಪ್ಪ, ಲೇಬಲ್ ಮೇಲೇ ಸಂಶೋಧನೆಗೆ ಮಾತ್ರ ಅಂತ ಐತೆ, ರೋಗಿ ರಿಪೋರ್ಟಿಗೆ ಬೇರೆ ಮಂಜೂರಾದ ಕಿಟ್ ಬರ್ತಾವೆ.

25 ಟೆಸ್ಟಿನ ಪ್ಯಾಕ್ ಸಿಕ್ರೆ ಮೊದ್ಲು ಅದನ್ನೇ ತಗೊಳ್ರಿ, ಡೀಲರ್ ದೊಡ್ಡದೇ ತಗೋ ಅಂತ ಒತ್ತಾಯ ಮಾಡ್ತಾನೆ, ಕೇಳ್ಬೇಡ್ರಿ.