ಮೂರು ಸರ್ವರಿಗೆ ಒಂದೇ ಉಗ್ರಾಣ: ಟ್ರೂನ್ಯಾಸ್ ಜೊತೆ 14 ತಿಂಗಳು

ಹೋದ ವರ್ಷ ಪರೀಕ್ಷೆಗೆ ಮುಂಚಿನ ವಾರ ನಮ್ಮ ಕಾಲೇಜಿನ ಒಂದು ಸರ್ವರಿನ ಮದರ್‌ಬೋರ್ಡ್ ಕೈಕೊಟ್ಟಿತು. ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್ ಅದರಲ್ಲೇ ಇತ್ತು. ಅದೇ ರ‍್ಯಾಕಿನಲ್ಲಿ ಇನ್ನೆರಡು ಸರ್ವರ್ ಅರ್ಧ ಖಾಲಿ ಇದ್ದವು. ಆದರೆ ಡೇಟಾ ಮಾತ್ರ ಕೆಟ್ಟ ಸರ್ವರಿನ ಡಿಸ್ಕಿನೊಳಗೆ. ಎರಡು ದಿನ ಲೈಬ್ರರಿ ಮೇಡಂ ಕೊಟ್ಟ ಪುಸ್ತಕ, ಬಂದ ಪುಸ್ತಕ ಎಲ್ಲ ಕೈಯಲ್ಲೇ ಬರೆದುಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ನಮ್ಮ ಮೂರು ಸರ್ವರಿನಲ್ಲೂ ವರ್ಚುವಲ್ ಮಷೀನುಗಳನ್ನು (ಸಾಫ್ಟ್‌ವೇರಿನಲ್ಲೇ ನಡೆಯುವ ಕಂಪ್ಯೂಟರುಗಳನ್ನು) ನಡೆಸುವ ಪ್ರಾಕ್ಸ್‌ಮಾಕ್ಸ್ 8 ಇತ್ತು, ಮೂರನ್ನೂ ಒಟ್ಟಿಗೆ ಜೋಡಿಸಿ ಕ್ಲಸ್ಟರ್ ಕೂಡ ಮಾಡಿದ್ದೆ. ಆದರೆ ಡಿಸ್ಕುಗಳು ಬೇರೆ ಬೇರೆ ಇದ್ದರೆ ಕ್ಲಸ್ಟರ್ ಇದ್ದೂ ಅರ್ಧ ಉಪಯೋಗ ಅಷ್ಟೇ. ಎಲ್ಲ ವರ್ಚುವಲ್ ಮಷೀನುಗಳ ಡಿಸ್ಕೂ ನೆಟ್‌ವರ್ಕಿನಲ್ಲಿ ಒಂದೇ ಕಡೆ ಇರಬೇಕು, ಮೂರೂ ಸರ್ವರಿಗೆ ಕಾಣಬೇಕು. ಅದಕ್ಕೆ ನಾನು ಆರಿಸಿಕೊಂಡಿದ್ದು ಟ್ರೂನ್ಯಾಸ್, ಒಂದು ಕಂಪ್ಯೂಟರನ್ನು ನೆಟ್‌ವರ್ಕಿನ ಉಗ್ರಾಣ ಮಾಡುವ ಸಾಫ್ಟ್‌ವೇರ್. ಮೊದಲು ಫ್ರೀನ್ಯಾಸ್ ಅಂತಿದ್ದದ್ದು ಇದೇ, 2020ರಲ್ಲಿ ಹೆಸರು ಬದಲಾಯಿತು. ನಾನು ಹಾಕಿದ್ದು ಲಿನಕ್ಸ್ ಮೇಲೆ ನಡೆಯುವ ಆವೃತ್ತಿ. ಹೊಸದಾಗಿ ಹಾಕುವವರು ಅದನ್ನೇ ಹಾಕಿ.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಹಳೇ ಸರ್ವರ್ ಒಂದಿತ್ತು, 64 ಜಿಬಿಯ, ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇರುವಂಥದ್ದು. 4 ಟಿಬಿಯ ಆರು ಡಿಸ್ಕು, 10 ಗಿಗಾಬಿಟ್ ಕಾರ್ಡುಗಳು, ಒಂದು ಚಿಕ್ಕ ಸ್ವಿಚ್, ಕೇಬಲ್ಲು ಎಲ್ಲ ಸೇರಿ ಸುಮಾರು 1 ಲಕ್ಷ 20 ಸಾವಿರ ಆಯಿತು. ಡಿಸ್ಕು ಕೊಳ್ಳುವಾಗ ಸಿಎಂಆರ್ (ಸಾಲುಗಳನ್ನು ಪಕ್ಕಪಕ್ಕ ಬರೆಯುವ ಬಗೆ) ಅಂತ ಖಾತ್ರಿ ಮಾಡಿಕೊಳ್ಳಿ. ಸಾಲಿನ ಮೇಲೆ ಸಾಲು ಸ್ವಲ್ಪ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕಿಗೆ ಬೆಲೆ ಕಡಿಮೆ ಇರಬಹುದು, ಆದರೆ ಒಂದು ಡಿಸ್ಕು ಹೋಗಿ ಹೊಸದನ್ನು ತುಂಬಿಸುವಾಗ ವಿಪರೀತ ನಿಧಾನ.

ಮೊದಲ ತಪ್ಪು ಮಾಡಿದ್ದು ನಾನೇ. ಜಾಗ ಜಾಸ್ತಿ ಸಿಗುತ್ತೆ ಅಂತ ಆರೂ ಡಿಸ್ಕನ್ನು ಒಂದೇ ರೇಡ್-ಜೆಡ್2 (ಎರಡು ಡಿಸ್ಕು ಕೆಟ್ಟರೂ ಡೇಟಾ ಉಳಿಯುವ) ಗುಂಪು ಮಾಡಿದೆ. ಫೈಲ್ ಕಾಪಿ ಮಾಡಿ ನೋಡಿದರೆ ಭರ್ಜರಿ ವೇಗ. ಸೋಮವಾರ ಬೆಳಿಗ್ಗೆ ಡಿಬಿಎಂಎಸ್ (ಡೇಟಾಬೇಸ್) ಲ್ಯಾಬಿಗೆ 30 ವರ್ಚುವಲ್ ಮಷೀನ್ ಒಟ್ಟಿಗೆ ಎದ್ದಾಗ ಗೊತ್ತಾಯಿತು. ಮಕ್ಕಳು ಎಂಟು ನಿಮಿಷ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತರು. ಅಂಥ ಒಂದು ಗುಂಪಿಗೆ ಚಿಕ್ಕ ಚಿಕ್ಕ ಓದು-ಬರಹದಲ್ಲಿ ಹೆಚ್ಚು ಕಡಿಮೆ ಒಂದೇ ಡಿಸ್ಕಿನ ಶಕ್ತಿ. ವರ್ಚುವಲ್ ಮಷೀನುಗಳು ಮಾಡುವುದೆಲ್ಲ ಅಂಥ ಚಿಲ್ಲರೆ ಕೆಲಸವೇ. ಎಲ್ಲ ಅಳಿಸಿ ಎರಡೆರಡರ ಮೂರು ಮಿರರ್ ಜೋಡಿ (ಜೋಡಿಯ ಎರಡರಲ್ಲೂ ಒಂದೇ ಡೇಟಾ) ಮಾಡಿದೆ. ಜಾಗ 16ರಿಂದ 12 ಟಿಬಿಗೆ ಇಳಿಯಿತು. ಲ್ಯಾಬು ಮೂರು ನಿಮಿಷದಲ್ಲಿ ಏಳತೊಡಗಿತು.

ಪ್ರಾಕ್ಸ್‌ಮಾಕ್ಸಿಗೆ ಜೋಡಿಸುವುದು ಸುಲಭ. ಟ್ರೂನ್ಯಾಸ್‌ನಲ್ಲಿ ಎನ್‌ಎಫ್‌ಎಸ್ (ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚುವ ವಿಧಾನ) ಶೇರ್ ಮಾಡಿ, ಮ್ಯಾಪ್‌ರೂಟ್ ಜಾಗದಲ್ಲಿ ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಅಂತ ಕೊಡಬೇಕು. ಅದನ್ನು ಬಿಟ್ಟರೆ ಪ್ರಾಕ್ಸ್‌ಮಾಕ್ಸಿಗೆ ಬರೆಯಲು ಅನುಮತಿ ಸಿಗದು. ಪ್ರಾಕ್ಸ್‌ಮಾಕ್ಸ್ ಕಡೆ ಒಂದು ಸಲ ಸೇರಿಸಿದರೆ ಮೂರೂ ಸರ್ವರಿಗೆ ಬಂತು.

ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ. ಎಲ್ಲ ಕಡೆ 9000 ಬೈಟ್ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಪಿಂಗ್ (ತಲುಪುತ್ತಾ ಅಂತ ನೋಡುವ ಪರೀಕ್ಷಾ ಪ್ಯಾಕೆಟ್) ಹೋಗುತ್ತಿತ್ತು, ಸ್ಟೋರೇಜ್ ಕಾಣುತ್ತಿತ್ತು, ಆದರೆ ಮಷೀನ್ ಶುರು ಮಾಡಿದ ಕೂಡಲೇ ಎಲ್ಲ ಗಪ್‌ಚಿಪ್. ಕೊನೆಗೆ 8972 ಬೈಟಿನ ಪಿಂಗನ್ನು, ತುಂಡು ಮಾಡಬಾರದು ಅನ್ನೋ ಆಯ್ಕೆ ಹಾಕಿ ಕಳಿಸಿದೆ. ಹೆಡರಿನ 28 ಸೇರಿದರೆ ಸರಿಯಾಗಿ 9000. ಒಂದೂ ದಾಟಲಿಲ್ಲ. ಸ್ವಿಚ್ಚಿನ ಒಂದು ಪೋರ್ಟ್ 1500ರಲ್ಲೇ ಉಳಿದಿತ್ತು. ಚಿಕ್ಕ ಪ್ಯಾಕೆಟ್ಟಿಗೆ ದಾರಿ ಇತ್ತು, ದೊಡ್ಡದಕ್ಕೆ ಇರಲಿಲ್ಲ. ಈ ಪಿಂಗನ್ನು ನೀವು ಮೊದಲ ದಿನವೇ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಎನ್‌ಎಫ್‌ಎಸ್ ನಿಧಾನ ಅನಿಸಿದರೆ ಸಿಂಕ್ ಆಫ್ ಮಾಡಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ವೇಗ ಜಿಗಿಯುತ್ತೆ, ನಿಜ. ಆದರೆ ಡಿಸ್ಕಿಗೆ ಇನ್ನೂ ಮುಟ್ಟದ ಡೇಟಾವನ್ನು ಬರೆದಾಯಿತು ಅಂತ ಟ್ರೂನ್ಯಾಸ್ ಒಪ್ಪಿಸಿಬಿಡುತ್ತೆ. ಆ ಕ್ಷಣ ಕರೆಂಟ್ ಹೋದರೆ ಕೊನೆಯ ಕೆಲವು ಸೆಕೆಂಡಿನ ಬರಹ ಮಾಯ, ಒಳಗಿರುವ ಡೇಟಾಬೇಸ್ ಕೆಡಬಹುದು. ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ಹೇಗೆ ಅಂತ ಗೊತ್ತಲ್ವಾ? ನಾನು ಅದರ ಬದಲು ಕರೆಂಟ್ ಹೋದರೂ ಕೈಯಲ್ಲಿರುವುದನ್ನು ಬರೆದು ಮುಗಿಸುವ ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಒಂದನ್ನು ಸ್ಲಾಗ್ (ಬರಹವನ್ನು ಮೊದಲು ಬೇಗ ದಾಖಲಿಸಿಕೊಳ್ಳುವ ಡಿಸ್ಕು) ಆಗಿ ಹಾಕಿದೆ. ಯುಪಿಎಸ್ ಬ್ಯಾಟರಿ ಇಳಿದರೆ ಟ್ರೂನ್ಯಾಸ್ ತಾನೇ ಶಟ್‌ಡೌನ್ ಆಗುವ ಹಾಗೂ ಮಾಡಿದ್ದೇನೆ.

ಫೋಲ್ಡರಿನ ಬದಲು ಡಿಸ್ಕನ್ನೇ ನೆಟ್‌ವರ್ಕಿನಲ್ಲಿ ಕೊಡುವ ಐ-ಸ್ಕಸಿಯನ್ನೂ ಒಂದು ವಾರ ನೋಡಿದೆ. ಸ್ವಲ್ಪ ಚುರುಕು. ಆದರೆ ಅದರ ಮೇಲೆ ಎಲ್‌ವಿಎಂ (ಡಿಸ್ಕನ್ನು ಭಾಗ ಮಾಡಿ ಕೊಡುವ ಲಿನಕ್ಸ್ ವ್ಯವಸ್ಥೆ) ಹಾಕಿ ಹಂಚಿಕೊಂಡರೆ ಪ್ರಾಕ್ಸ್‌ಮಾಕ್ಸ್ 8ರಲ್ಲಿ ಸ್ನ್ಯಾಪ್‌ಶಾಟ್ (ಮಷೀನಿನ ಆ ಕ್ಷಣದ ಸ್ಥಿತಿ ಉಳಿಸಿಡುವುದು) ಇಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಸ್ನ್ಯಾಪ್‌ಶಾಟ್ ತಗೊಂಡು, ಬ್ಯಾಚ್ ಮುಗಿದ ಮೇಲೆ ಹಿಂದಕ್ಕೆ ಹೋಗುವುದು ನಮ್ಮ ದಿನದ ಕೆಲಸ. ಹಾಗಾಗಿ ಎನ್‌ಎಫ್‌ಎಸ್‌ಗೇ ವಾಪಸ್ ಬಂದೆ. ಇನ್ನು ಸರ್ವರುಗಳು ಒಂದಕ್ಕೊಂದು ಬದುಕಿವೆಯಾ ಅಂತ ನೋಡಿಕೊಳ್ಳುವ ಕ್ಲಸ್ಟರಿನ ಕೊರೋಸಿಂಕ್ ಮಾತುಕತೆಯನ್ನು ಹಳೇ 1 ಗಿಗಾಬಿಟ್ ಸ್ವಿಚ್ಚಿನಲ್ಲೇ ಬಿಟ್ಟಿದ್ದೇನೆ. ಸ್ಟೋರೇಜಿನ ನೂಕುನುಗ್ಗಲಿನಲ್ಲಿ ಅದು ತಡವಾದರೆ ಚೆನ್ನಾಗಿರುವ ಸರ್ವರನ್ನೂ ಉಳಿದವು ಸತ್ತಿದೆ ಅಂದುಕೊಳ್ಳುತ್ತವೆ.

ಕೊರತೆ ಇಲ್ಲ ಅಂತಲ್ಲ. ಈಗ ಮೂರೂ ಸರ್ವರಿನ ಜೀವ ಒಂದೇ ಪೆಟ್ಟಿಗೆಯಲ್ಲಿದೆ. ಎರಡು ಕಂಟ್ರೋಲರಿನ ವ್ಯವಸ್ಥೆ ಬೇಕಿದ್ದರೆ ಟ್ರೂನ್ಯಾಸ್ ಮಾಡುವ ಕಂಪನಿಯೇ ಮಾರುವ ಹಾರ್ಡ್‌ವೇರ್ ಕೊಳ್ಳಬೇಕು, ಅದು ನಮ್ಮ ಕೈಗೆ ಎಟುಕುವುದಲ್ಲ. ಬೂಟ್ ಡಿಸ್ಕಿನಲ್ಲಿ ಉಳಿದ ಜಾಗವನ್ನು ಡೇಟಾಗೆ ಬಳಸಲೂ ಬಿಡುವುದಿಲ್ಲ. ಪೂಲ್ (ಎಲ್ಲ ಡಿಸ್ಕು ಸೇರಿದ ಒಟ್ಟು ಜಾಗ) 80 ಶೇಕಡಾ ದಾಟದ ಹಾಗೆ ನಾವೇ ಕಣ್ಣಿಟ್ಟಿರಬೇಕು.

ಈ ಜೂನಿನಲ್ಲಿ ಒಂದು ಸಂಜೆ ಗುಡುಗು ಮಳೆಗೆ ಎರಡನೇ ಸರ್ವರಿನ ಪವರ್ ಸಪ್ಲೈ ಸುಟ್ಟಿತು. ನಾನು ಬಸ್ಸಿನಲ್ಲಿದ್ದೆ. ಲೈಬ್ರರಿ ಮೇಡಂ ಫೋನ್ ಮಾಡಿ, "ಸರ್, ಕೋಹಾ ಹೋಗಿತ್ತು, ಆಮೇಲೆ ತಾನಾಗೇ ಬಂತು, ಏನಾದ್ರೂ ಮಾಡಿದ್ರಾ?" ಅಂದರು. ನಾನು ಏನೂ ಮಾಡಿರಲಿಲ್ಲ. ಕ್ಲಸ್ಟರೇ ಆ ಮಷೀನನ್ನು ಮೂರನೇ ಸರ್ವರಿನಲ್ಲಿ ಎಬ್ಬಿಸಿತ್ತು, ಎರಡು ಮೂರು ನಿಮಿಷದೊಳಗೆ.

ದಿನಾ ರಾತ್ರಿ ಬ್ಯಾಕಪ್ ಮಾತ್ರ ಬೇರೆ ಕಟ್ಟಡದ ಇನ್ನೊಂದು ಮಷೀನಿಗೆ ಹೋಗುತ್ತೆ. ಹೋದ ಶನಿವಾರ ಅದರಿಂದ ಕೋಹಾವನ್ನು ಪೂರ್ತಿ ರಿಸ್ಟೋರ್ ಮಾಡಿ ನೋಡಿದೆ, 22 ನಿಮಿಷ ಹಿಡಿಯಿತು.